ಒಂದು ಚಿಟಿಕೆ ಹೊಟ್ಟು

ನರಸೀಪುರದಲ್ಲಿ ನಮ್ಮ ಪಕ್ಕದ ರೈಸ್‌ಮಿಲ್ಲಿನ ಯಜಮಾನರು ಬೆಳಿಗ್ಗೆ ಮಿಲ್ಲು ಶುರು ಮಾಡುವ ಮುಂಚೆ ಒಂದು ಚಿಟಿಕೆ ಭತ್ತದ ಹೊಟ್ಟನ್ನು ಕೈಯೆತ್ತಿ ಉದುರಿಸುತ್ತಿದ್ದರು. "ಗಾಳಿ ಎತ್ಲಾಗದೆ ಅಂತ ನೋಡ್ಬೇಕಲ್ವಾ?" ಎನ್ನುತ್ತಿದ್ದರು. ಹೊಟ್ಟು ನಮ್ಮ ಮನೆಯತ್ತ ಹಾರಿದರೆ, ನಮ್ಮ ಬಟ್ಟೆ ಒಣಗುವವರೆಗೆ ಮಿಲ್ಲು ಸದ್ದು ಮಾಡುತ್ತಿರಲಿಲ್ಲ.

ಕಾಲೇಜು ದಿನಗಳಲ್ಲಿ ಅವರು ಪುಟ್ಟ ವಿಮಾನ ಹಾರಿಸುವುದನ್ನು ಕಲಿತಿದ್ದರಂತೆ. ಮದುವೆಯಾದ ಹೊಸದರಲ್ಲಿ ಅವರ ಹೆಂಡತಿ, ನಮಗೆಲ್ಲ ಅಕ್ಕ, ಹೆದರಿ ಅತ್ತರೆಂದು ಬಿಟ್ಟುಬಿಟ್ಟರು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಒಂದು ದಿನ ಅಕ್ಕನೇ ಹೇಳಿದರು: "ಆಸೆ ಯಾಕ್ ಉಳಿಸ್ಕೋತೀರಿ, ಓಗ್ಬನ್ನಿ."

ನಂಜನಗೂಡು ರಸ್ತೆಯ ವಿಮಾನ ನಿಲ್ದಾಣಕ್ಕೆ ಇಬ್ಬರನ್ನೂ ನಾನೇ ಕಾರಿನಲ್ಲಿ ಕರೆದೊಯ್ದೆ. ಅಲ್ಲಿ ಹಾರಾಟ ಕಲಿಸುವವರ ಜೊತೆ ವಿಮಾನ ಹತ್ತುವ ಮುಂಚೆ ಯಜಮಾನರು ಜೇಬಿನಿಂದ ಹೊಟ್ಟು ತೆಗೆದು ಉದುರಿಸಿದರು. ವಿಮಾನ ನೆಲ ಬಿಟ್ಟಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಅಕ್ಕ, ಅದು ಇಳಿಯುವವರೆಗೂ ಸೆರಗು ತೆಗೆಯಲಿಲ್ಲ.

ಯಜಮಾನರು ಒದ್ದೆಗಣ್ಣಲ್ಲಿ ನಗುತ್ತಾ ಬಂದು, "ಇಷ್ಟು ಸಾಕು ಕಣೆ. ನಡಿ, ಮನೆಗೋಗಣ" ಎಂದರು.

ಅಕ್ಕ ಅವರ ಜೇಬಿಗೆ ಕೈಹಾಕಿ, ಉಳಿದಿದ್ದ ಹೊಟ್ಟನ್ನು ತೆಗೆದು ಉದುರಿಸಿದರು.

"ಗಾಳಿ ಚೆನ್ನಾಗದೆ ಕಣ್ರೀ. ಇನ್ನೊಂದ್ ಸುತ್ತು ಓಗ್ಬನ್ನಿ. ಈ ಸಲ ಕಣ್ಬಿಟ್ಟು ನೋಡ್ತೀನಿ."