ಖಾಸೀಮನ ಮನೆ ಇದ್ದ ಜಾಗ

ಮೀನು ತಿನ್ನದವನು ಗಾಳ ಹಿಡಿದು ಕೂರುವುದು ನೋಡುವವರಿಗೆ ನಗೆಪಾಟಲು. ನಮ್ಮ ಮನೆಯಲ್ಲಂತೂ ತತ್ತಿಯೂ ಹೊಸ್ತಿಲು ದಾಟುವುದಿಲ್ಲ. ಆದರೂ ವರ್ಷಕ್ಕೊಮ್ಮೆ, ದಸರೆ ಕಳೆದು ಕೃಷ್ಣೆಯ ಹಿನ್ನೀರು ತುಂಬಿ ನಿಂತಾಗ, ಬಾಗೇವಾಡಿಯಿಂದ ನಾನು ಮತ್ತು ಖಾಸೀಮ, ಮುದ್ದೇಬಿಹಾಳದಿಂದ ಶಿವಣ್ಣ, ಮೂವರೂ ಕೂಡಿ ಮೀನು ಹಿಡಿಯಲು ಹೋಗುತ್ತೇವೆ. ಮೀನುಗಾರ ಯಮನಪ್ಪ ತನ್ನ ದೋಣಿಯಲ್ಲಿ ಕೂರಿಸಿಕೊಂಡು ಮೀನಿರುವ ಕಡೆಗೆ ಒಯ್ಯುತ್ತಾನೆ. ನನ್ನ ಗಾಳಕ್ಕೆ ಬಿದ್ದದ್ದೆಲ್ಲ ಖಾಸೀಮನ ಚೀಲಕ್ಕೆ. ಪಾಪ ನಿನಗೆ, ಸಾರು ಅವನಿಗೆ ಎಂದು ಶಿವಣ್ಣ ನನ್ನನ್ನು ಕಾಡಿಸುತ್ತಾನೆ.

ಮೀನು ಬೀಳುತ್ತಿದ್ದದ್ದೇ ಅಪರೂಪವೆನ್ನಿ. ಕಾರಣ ಖಾಸೀಮನ ಬಾಯಿ. ಅವನು ಹುಟ್ಟಿದ ಊರು ಈ ನೀರಿನ ಕೆಳಗಿದೆ. ಯಮನಪ್ಪ ಎಲ್ಲಿ ದೋಣಿ ನಿಲ್ಲಿಸಿದರೂ ಇವನದು ಶುರು: "ಇಲ್ಲೇ ಕೆಳಗ ನಮ್ಮನಿ ಐತಿ ನೋಡ್ರಿ. ನಮ್ಮ ಅಮ್ಮಾನ ಒಲಿ ಮುಂದ ಮೀನ ಕುಂತಿರಬೇಕು."

"ಸಾಹೇಬ್ರ, ಸುಮ್ನ ಕುಂದರ್ರಿ, ಮೀನ ಓಡಿ ಹೋಗ್ತಾವ," ಎಂದು ಯಮನಪ್ಪ ಬೇಡಿಕೊಳ್ಳುತ್ತಿದ್ದ.

ಮೌನದ ಮಹಿಮೆಯನ್ನು ತಿಳಿದವರೆಲ್ಲ ಹೊಗಳಿದ್ದಾರೆ. ಶರಣರ ನೆಲದವನಾದ ನಾನೂ ಆ ಬಗ್ಗೆ ಭಾಷಣ ಬಿಗಿದಿದ್ದೇನೆ. ಅದು ಎಂಥದೆಂದು ಗೊತ್ತಾದದ್ದು ಮಾತ್ರ ಈ ವರ್ಷ. ಗಂಟಲ ಗಡ್ಡೆಯ ಆಪರೇಷನ್ನಿನಲ್ಲಿ ಖಾಸೀಮನ ದನಿ ಪೂರ್ತಿ ಹೋಯಿತು. ಮುಂದೇನು ಎಂದು ಕೇಳಿದರೆ ಡಾಕ್ಟರು ನೋಡೋಣ ಎನ್ನುತ್ತಾರೆ. ಅವನು ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟಿದ್ದ, ಯಾರು ಹೋದರೂ ತಿರುಗಿ ನೋಡುತ್ತಿರಲಿಲ್ಲ. ದೋಣಿ ಹತ್ತಿದರೆ ಮೊದಲಿನಂತಾದಾನು ಎಂಬ ಆಸೆಯಿಂದ ನಾನೂ ಶಿವಣ್ಣನೂ ಎಳೆದುಕೊಂಡೇ ಹೋದೆವು.

ಕತ್ತಿಗೆ ಮಫ್ಲರ್ ಸುತ್ತಿಕೊಂಡು ಅವನು ನೀರನ್ನೇ ನೋಡುತ್ತ ಕುಳಿತ. ಮೀನುಗಳೋ, ಒಂದರ ಹಿಂದೊಂದು ಬಿದ್ದವು. ಯಾರಿಗೂ ಸಂತೋಷವಾಗಲಿಲ್ಲ. ಯಮನಪ್ಪ ತಲೆ ತಗ್ಗಿಸಿ ಹುಟ್ಟು ಹಾಕುತ್ತಿದ್ದ. ನನಗೆ ತಡೆಯಲಾಗಲಿಲ್ಲ. ನಾನೇ ಬಾಯಿಬಿಟ್ಟೆ: "ಯಮನಪ್ಪಾ, ಇಲ್ಲೇ ಕೆಳಗ ನೋಡು, ನಮ್ಮ ಖಾಸೀಮನ ಮನಿ."

ಖಾಸೀಮ ತಲೆಯೆತ್ತಿದ. ಅಲ್ಲವೆಂದು ಕೈಯಾಡಿಸಿ ದೂರಕ್ಕೆ ತೋರಿಸಿದ. ಅಲ್ಲಿಗೆ ಹೋದೆವು. ನೀರಿಗೆ ಬಗ್ಗಿ ನೋಡಿ, ಇದೂ ಅಲ್ಲವೆಂದು ಇನ್ನೊಂದು ದಿಕ್ಕಿಗೆ ಕೈಮಾಡಿದ. ಅಲ್ಲಿಂದ ಮತ್ತೊಂದು ಕಡೆ.

"ಲೇ, ನಿಂದು ಒಂದ ಮನಿ ಇತ್ತೋ, ಊರೆಲ್ಲಾ ನಿಂದ ಇತ್ತೋ?" ಎಂದ ಶಿವಣ್ಣ.

ಖಾಸೀಮನ ಭುಜಗಳು ಕುಲುಕಿದವು. ನಗುತ್ತಿದ್ದ, ಸದ್ದೇ ಇಲ್ಲ. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ಹೊತ್ತು ಮುಳುಗುವ ತನಕ ಯಮನಪ್ಪ ಅವನ ಬೆರಳು ತೋರಿದಲ್ಲೆಲ್ಲ ದೋಣಿ ಒಯ್ದ. ಗಾಳಗಳು ಮೂಲೆ ಸೇರಿದವು. ದಂಡೆಗಿಳಿದು ಹೊರಡುವಾಗ ಖಾಸೀಮ ನನ್ನ ತೋಳು ಹಿಡಿದು ನಿಲ್ಲಿಸಿ, ನಾವಿನ್ನೂ ಹೋಗಿರದ ಒಂದು ಕಡೆಯನ್ನು ತೋರಿಸಿದ.

"ಬರೂ ವರ್ಷ ಅಲ್ಲಿಗೆ ಹೋಗೂಣೇನ್ರಿ ಸಾಹೇಬ್ರ?" ಎಂದು ಯಮನಪ್ಪ ಕೇಳಿದ.

ಬರುವ ವರ್ಷದ ಮಾತನ್ನು ಡಾಕ್ಟರು ಈವರೆಗೂ ಆಡಿಲ್ಲ. ಖಾಸೀಮ ಹೂಂ ಎನ್ನುವಂತೆ ತಲೆಯಾಡಿಸಿದ.