ಹಲ್ಲಿನ ಮೇಷ್ಟ್ರ ಹೊಸ ಅಂಗುಳ

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಲ್ಲಿನ ಮೇಷ್ಟ್ರು ಅಂತಲೇ. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಹಲ್ಲು ಕೀಳುವ ಡಾಕ್ಟರೂ ಅಲ್ಲ. ಹಲ್ಲಿನ ಸೆಟ್ಟು ಮಾಡುವುದು ಅವರ ಕಸುಬು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದರಲ್ಲಿ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಕೊನೆಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿ ತೆಗೆಯುತ್ತಾರೆ. ನನ್ನ ಪುಸ್ತಕದ ಬೈಂಡಿಂಗ್ ಅಂಗಡಿಗೂ ಅವರ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಅವರು ಪಾಲಿಶ್ ಚಕ್ರ ಓಡಿಸಿದರೆ ನನ್ನ ಗೋಂದಿನ ಡಬ್ಬಿ ನಡುಗುತ್ತದೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದುಬಂದಿದೆ. ಹಾಗಾಗಿ ಅವರ ವಿಷಯ ನಾಲ್ಕು ಮಾತು ಹೇಳುವ ಸಲುಗೆ ನನಗಿದೆ.

ಅವರಿಗೆ ಮನುಷ್ಯರ ಗುರುತು ಸಿಗುತ್ತಿದ್ದದ್ದೇ ಬಾಯಿಯಿಂದ. ದಾರಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಯಾರಪ್ಪಾ ಇವರು ಅನ್ನೋ ಹಾಗೆ ಮಿಕಮಿಕ ನೋಡುವರು. ಆ ಮನುಷ್ಯ ನಕ್ಕ ಕೂಡಲೇ, "ಓ, ನೀವಾ" ಅನ್ನುವರು. "ಸೆಟ್ಟು ಚುಚ್ಚುತ್ತೆ ಮೇಷ್ಟ್ರೇ" ಎಂದು ಯಾರಾದರೂ ಬಂದರೆ ಅವರ ಬಳಿ ಸಿದ್ಧ ಉತ್ತರವಿತ್ತು. "ಹೊಸದಲ್ವಾ, ಅಭ್ಯಾಸ ಆಗುತ್ತೆ ಹೋಗಿ." ಇಷ್ಟು ಹೇಳಿ ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುವರು.

ಭಾನುವಾರ ಚರ್ಚಿನಲ್ಲಿ ವಾಕ್ಯ ಓದುವವರೂ ಅವರೇ. ಗಂಟೆ ಹೊಡೆದಂಥ ಕಂಠ. ಕೊನೆಯ ಬೆಂಚಿನ ಕಿವಿ ಮಂದದ ಮುದುಕರೂ ಅವರು ಓದುವಾಗ ಮುಂದಕ್ಕೆ ಬಾಗುತ್ತಿರಲಿಲ್ಲ. ಯಾರ ಮನೆಯಲ್ಲಿ ಕಷ್ಟ ಬಂದರೂ ಮೇಷ್ಟ್ರು ಹೋಗಿ ಹೆಗಲ ಮೇಲೆ ಕೈಯಿಟ್ಟು, "ದೇವರ ಬಲ ದೊಡ್ಡದು, ನಂಬಿ" ಎಂದು ಹೇಳಿ ಬರುವರು. ಬಾಯಿಮಾತಿಗೆ ಹೇಳಿದ್ದಲ್ಲ, ಮನಸಾರೆ ಹೇಳುತ್ತಿದ್ದರು. ಕಷ್ಟ ಅವರ ಮನೆಯ ಬಾಗಿಲು ಇನ್ನೂ ತಟ್ಟಿರಲಿಲ್ಲ, ಅಷ್ಟೆ.

ಅವರ ಐವತ್ತಾರನೇ ವಯಸ್ಸಿನಲ್ಲಿ ಬಾಯಿಯ ಮೇಲ್ಭಾಗದಲ್ಲಿ, ಅಂಗುಳದ ಬಲಗಡೆ, ಒಂದು ಹುಣ್ಣು ಕಾಣಿಸಿಕೊಂಡಿತು. ಬಿಸಿ ಕಾಫಿಗೆ ಸುಟ್ಟಿರಬೇಕು ಅಂದುಕೊಂಡರು. ತಮ್ಮದೇ ಪುಟ್ಟ ಕನ್ನಡಿ ಬಾಯೊಳಗಿಟ್ಟು ದಿನಾ ನೋಡಿಕೊಂಡರು. ಹೆಂಡತಿಗೆ ಹೇಳಲಿಲ್ಲ. ಮನೆಯಲ್ಲಿ ಇರುವುದು ಅವರಿಬ್ಬರೇ. ಆಕೆ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ, ಮಾತು ಕಡಿಮೆ, ಗಮನ ಜಾಸ್ತಿ. ನಾಲ್ಕು ತಿಂಗಳ ಮೇಲೆ ಗಂಡ ಊಟವನ್ನು ಎಡಗಡೆಗೇ ನೂಕಿಕೊಂಡು ಜಗಿಯುವುದನ್ನು ಕಂಡು, "ಬಾಯಿ ತೆಗೀರಿ" ಅಂದರು. ಮಾರನೇ ಬೆಳಿಗ್ಗೆಯೇ ಅವರನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಈ ಡಾಕ್ಟರಮ್ಮ ದಂತವೈದ್ಯೆ, ಮೇಷ್ಟ್ರಿಗೆ ಹದಿನೈದು ವರ್ಷದಿಂದ ಕೆಲಸ ಕಳಿಸುತ್ತಿದ್ದವರು. ಬಾಯೊಳಗೆ ದೀಪ ಹಿಡಿದು ನೋಡಿದವರು ದೀಪ ಆರಿಸಿ ಕೈಗವಸು ಬಿಚ್ಚಿದರು.

"ಮೇಷ್ಟ್ರೇ, ನೀವೇ ಹೀಗೆ ಮಾಡಿದ್ರೆ ಹೇಗೆ?" ಎಂದಷ್ಟೇ ಕೇಳಿ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಕ್ಯಾನ್ಸರ್ ಎಂದು ಗೊತ್ತಾಯಿತು. ಬಲ ಅಂಗುಳವನ್ನೂ ಅದರ ಜೊತೆಗಿನ ಐದು ಹಲ್ಲನ್ನೂ ತೆಗೆಯಬೇಕು ಅಂದರು ಅಲ್ಲಿನ ಸರ್ಜನ್.

ಸುದ್ದಿ ಕೇಳಿ ಮೇಷ್ಟ್ರ ಅಕ್ಕ ಬಂದರು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅವರೇ. ಒಂದು ಪ್ರಾರ್ಥನಾ ಕೂಟಕ್ಕೆ ಮುಂದಾಳು. ಅವರು ಪ್ರಾರ್ಥನೆ ಶುರು ಮಾಡಿದರೆ ಉಳಿದವರಿಗೆ ಆಮೆನ್ ಅನ್ನಲು ಬಿಟ್ಟು ಬೇರೆ ಅವಕಾಶ ಇರುತ್ತಿರಲಿಲ್ಲ.

"ಆಪರೇಷನ್ ಬೇಡ ಕಣೋ," ಅಂದರು ಅಕ್ಕ. "ನಾವೆಲ್ಲ ಉಪವಾಸ ಕೂತು ಪ್ರಾರ್ಥನೆ ಮಾಡ್ತೀವಿ. ಸಮುದ್ರಾನೇ ಸೀಳಿದ ದೇವರಿಗೆ ನಿನ್ನ ಬಾಯಿಯ ಹುಣ್ಣು ಯಾವ ಲೆಕ್ಕ?"

"ಅವನಿಗೆ ಯಾವ ಲೆಕ್ಕಾನೂ ಅಲ್ಲ ಅಕ್ಕಾ. ಆದ್ರೆ ಈ ಡಾಕ್ಟರನ್ನೂ ಅವನೇ ಕೊಟ್ಟಿರಬಹುದಲ್ವಾ?"

"ಕತ್ತರಿಗೆ ಬಾಯಿ ಒಡ್ಡಿದೆ ಅಂದ್ರೆ ನಂಬಿಕೆ ಇಲ್ಲ ಅಂತಲೇ ಅರ್ಥ."

ಮೇಷ್ಟ್ರು ಉಗುರಿನ ಸಂದಿಯ ಪ್ಲಾಸ್ಟರ್ ಕೆರೆಯುತ್ತಾ ಕೂತರು. ಆಮೇಲೆ ಅಂದರು, "ನಂಬಿಕೆ ಇದೆಯೋ ಇಲ್ವೋ ನನಗೇ ಗೊತ್ತಾಗ್ತಿಲ್ಲ. ಭಯ ಇದೆ. ಅದೊಂದು ಗೊತ್ತು. ಸೋಮವಾರ ಹೋಗ್ತೀನಿ."

ಅಕ್ಕ ಕಾಫಿ ಲೋಟ ಮುಟ್ಟದೆ ಎದ್ದು ಹೋದರು.

ಆಪರೇಷನ್ ದಿನ ಬೆಳಿಗ್ಗೆ ಮೇಷ್ಟ್ರು ದೇವರಲ್ಲಿ ಬೇಡಿಕೊಂಡದ್ದು ಒಂದೇ. ಹಲ್ಲು ಹೋದರೆ ಹೋಗಲಿ, ಅವನ್ನು ಮಾಡುವುದು ನನಗೆ ಗೊತ್ತು, ಕಂಠ ಒಂದು ಉಳಿಸು. ಇದನ್ನು ಅವರೇ ನನಗೆ ಆಮೇಲೆ ಹೇಳಿದ್ದು.

ಜೀವ ಉಳಿಯಿತು. ಗಂಟಲಿಗೆ ಏನೂ ಆಗಲಿಲ್ಲ. ಆದರೆ ಬಾಯಿಗೂ ಮೂಗಿಗೂ ನಡುವಿನ ಗೋಡೆಯೇ ಹೋಗಿತ್ತು. ಕುಡಿದ ನೀರು ಮೂಗಿನಿಂದ ಇಳಿಯುವುದು. ಮಾತಾಡಿದರೆ ಗಾಳಿಯೆಲ್ಲ ಮೇಲಕ್ಕೆ ನುಗ್ಗಿ, ಅಕ್ಷರಗಳು ಮೂಗಿನಲ್ಲಿ ಕಲಸಿಹೋಗುವುವು. ಬಾ ಅನ್ನಲು ಹೋದರೆ ಮಾ. ದಾರಿ ಅನ್ನಲು ಹೋದರೆ ನಾರಿ. ಆಸ್ಪತ್ರೆಯವರು ಆ ತೂತು ಮುಚ್ಚಲು ಒಂದು ಪ್ಲೇಟು ಕೊಟ್ಟಿದ್ದರು. ಮೊದಲೆರಡು ವಾರ ಸರಿಯಾಗಿಯೇ ಕೂತಿತ್ತು. ಆಮೇಲೆ ಆರು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟದ್ದರಿಂದ ಬಾಯಿಯ ಆಕಾರ ಬದಲಾಗಿ, ಪ್ಲೇಟು ಒಂದು ಕಡೆ ಸಡಿಲ, ಇನ್ನೊಂದು ಕಡೆ ಚುಚ್ಚು. ಹೊಸದು ಮಾಡಿಕೊಡಿ ಎಂದು ಕೇಳಿದರೆ, ಕಾಯುವವರ ಪಟ್ಟಿ ಉದ್ದವಿದೆ, ಎರಡು ತಿಂಗಳಾದರೂ ಆಗುತ್ತೆ ಅಂದರು.

ಮೇಷ್ಟ್ರು ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಚರ್ಚಿಗೆ ಬರಲಿಲ್ಲ. ಪಾದ್ರಿಗಳು ಎರಡು ಸಲ ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತು ಬಂದರು. ಬೇಕಾದ್ದನ್ನು ಮೇಷ್ಟ್ರು ಒಂದು ನೋಟ್ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಆ ಪುಸ್ತಕ ನಾನೇ ಹೊಲಿದು ಕೊಟ್ಟದ್ದು. ಒಂದು ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟಿದ್ದಾಗ ಅದರಲ್ಲಿ ಬರೆದರು: "ನನ್ನ ಬಾಯೇ ಏಕೆ? ಬೇರೆಲ್ಲೂ ಜಾಗ ಸಿಗಲಿಲ್ಲವೆ ಅವನಿಗೆ?"

ಆಕೆ ಓದಿ, ಚಪ್ಪಲಿ ಬಿಚ್ಚಿಟ್ಟು ಮತ್ತೆ ಒಳಗೆ ಬಂದು ಕೂತರು.

"ನನಗೆ ಗೊತ್ತಿಲ್ಲ," ಅಂದರು. "ಅವನನ್ನೇ ಕೇಳಿ."

ಮೇಷ್ಟ್ರು ಬಾಯಿ ತೋರಿಸಿ ಕೈ ಅಲ್ಲಾಡಿಸಿದರು. ಅವರಿಗೆ ಮೊದಲಿಂದಲೂ ಗಟ್ಟಿಯಾಗಿ ಪ್ರಾರ್ಥನೆ ಮಾಡಿಯೇ ಅಭ್ಯಾಸ. ಮನಸ್ಸಿನೊಳಗೆ ಮಾಡಲು ಹೋದರೆ ಮಾತು ಎತ್ತೆತ್ತಲೋ ಓಡುತ್ತಿತ್ತಂತೆ.

"ಬಾಯಲ್ಲೇ ಕೇಳಿ. ಹೇಗೆ ಬರುತ್ತೋ ಹಾಗೆ ಬರಲಿ. ಇಲ್ಲಿ ನಾನೊಬ್ಬಳೇ ಇರೋದು."

ಅವರು ಬಾಯಿ ತೆರೆದರು. "ದೇವರೇ" ಅನ್ನಬೇಕಾದ್ದು "ನೇವರೇ" ಎಂದು ಬಂತು. ಇನ್ನೊಂದು ಸಲ ಪ್ರಯತ್ನಿಸಿದರು, ಮತ್ತೆ ನೇವರೇ. ಅಷ್ಟು ವರ್ಷ ಗಂಟೆಯ ಹಾಗೆ ಹೇಳಿದ ಹೆಸರು ತಮ್ಮ ಬಾಯಲ್ಲೇ ಕೆಟ್ಟದ್ದು ಕೇಳಿ ಅವರು ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತರು. ಮಗುವಿನ ತೊದಲು ತಾಯಿಗೆ ತಿಳಿಯುವ ಹಾಗೆ ಅವನಿಗೂ ತಿಳಿಯುತ್ತದೆ ಎಂದೇನೂ ಆಕೆ ಸಮಾಧಾನ ಹೇಳಲಿಲ್ಲ. ಅವರ ಬೆನ್ನಿನ ಮೇಲೆ ಕೈಯಿಟ್ಟು ತಾವೇ ಮುಂದುವರಿಸಿದರು. "ಕರ್ತನೇ, ಇವರಿಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ನನಗೂ ಸ್ವಲ್ಪ ಬಂದಿದೆ. ಆದ್ರೂ ನಮಗೆ ಬೇರೆ ಯಾರೂ ಇಲ್ಲ. ಇವತ್ತಿನ ದಿನ ದಾಟಿಸು." ಅಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದರು.

ಆವತ್ತಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಆಕೆ ಒಂದು ದಿನದ ಮಟ್ಟಿಗೆ ಕೇಳುವುದು, ಮೇಷ್ಟ್ರು ಮೂಗಿನಲ್ಲಿ ಆಮೆನ್ ಅನ್ನುವುದು. ಆ ಪದಕ್ಕೆ ಮಾತ್ರ ಅಂಥಾ ತೊಂದರೆ ಇರಲಿಲ್ಲ.

ಮೂರನೇ ವಾರ ಡಾಕ್ಟರಮ್ಮ ಮನೆಗೆ ಬಂದರು. "ಎರಡು ತಿಂಗಳು ಯಾಕೆ ಕಾಯಬೇಕು ಮೇಷ್ಟ್ರೇ? ಅಚ್ಚು ನಾನು ತೆಗೀತೀನಿ. ಪ್ಲೇಟು ನೀವು ಮಾಡಿ."

ಅವರು ಬರೆದು ತೋರಿಸಿದರು: "ಇಂಥದ್ದು ಯಾವತ್ತೂ ಮಾಡಿಲ್ಲ."

"ಕೂರುತ್ತೋ ಇಲ್ವೋ ಹೇಳೋಕೆ ರೋಗಿ ಕೈಗೆಟುಕೋ ಹಾಗೇ ಇದ್ದಾನಲ್ಲ," ಅಂದರು ಡಾಕ್ಟರಮ್ಮ. ಆಪರೇಷನ್ ಆದ ಮೇಲೆ ಮೇಷ್ಟ್ರು ಮೊದಲ ಸಲ ನಕ್ಕರಂತೆ, ಮೂಗಿನಿಂದ.

ಎಷ್ಟೋ ದಿನದ ಮೇಲೆ ನನ್ನ ಗೋಂದಿನ ಡಬ್ಬಿ ಮತ್ತೆ ನಡುಗಿತು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಪ್ಲಾಸ್ಟರಿನಲ್ಲಿ ತಮ್ಮದೇ ಬಾಯಿಯ ಅಚ್ಚು ಹಿಡಿದುಕೊಂಡು ಕೂತಿದ್ದರು. ಇದ್ದ ಭಾಗ ಸರಿ, ಇಲ್ಲದ ಭಾಗದಲ್ಲಿ ಒಂದು ಗುಂಡಿ. ಆ ಗುಂಡಿಯೊಳಗೆ ಕೂರುವ ಹಾಗೆ ಪ್ಲೇಟಿನ ಮೇಲೆ ಒಂದು ಉಬ್ಬು ಬರಬೇಕು. ಮೊದಲು ಮಾಡಿದ್ದು ಭಾರ ಜಾಸ್ತಿಯಾಗಿ ಜಾರಿತು. ಎರಡನೆಯದು ನಿಂತಿತು, ಆದರೆ ಗಾಯದ ಅಂಚಿಗೆ ಒತ್ತಿ ರಕ್ತ ಬಂತು. ಅದನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ಎಳೆದುಕೊಂಡು ನನಗೆ ಬರೆದು ತೋರಿಸಿದರು: "ಎಷ್ಟು ಜನಕ್ಕೆ ಅಭ್ಯಾಸ ಆಗುತ್ತೆ ಹೋಗಿ ಅಂದುಬಿಟ್ಟೆ." ಅದರ ಕೆಳಗೆ ಇನ್ನೊಂದು ಸಾಲು: "ದೇವರ ವಿಷಯವನ್ನೂ ಹಾಗೇ ಹೇಳಿಬಿಟ್ಟೆ."

ಗೋಂದು ಒಣಗುತ್ತೆ ಅಂತ ನೆಪ ಹೇಳಿ ಬಂದೆ.

ಮೂರನೆಯದನ್ನು ಅವರು ಒಳಗೆ ಪೊಳ್ಳಾಗಿ ಮಾಡಿದರು. ಉಬ್ಬು ಇದೆ, ಭಾರ ಇಲ್ಲ. ಅಂಚನ್ನು ನಾಲಿಗೆಯಿಂದಲೇ ಮುಟ್ಟಿ ಮುಟ್ಟಿ ನೋಡಿ ನುಣುಪು ಮಾಡಿದರು. ಒಂದು ಮಧ್ಯಾಹ್ನ ಗೋಡೆಯಾಚೆ ಚಕ್ರ ನಿಂತಿತು. ಆಮೇಲೆ ಅವರ ಹಳೆಯ ಕಂಠವೇ, ಸ್ವಲ್ಪ ಒಡಕಾಗಿ, "ಬೈಂಡರೇ, ಬನ್ನಿ ಇಲ್ಲಿ" ಎಂದಿತು. ಬ ಅನ್ನುವುದು ಬ ಎಂದೇ ಬಂದಿತ್ತು. ಕೈಲಿದ್ದ ಪುಸ್ತಕ ಎಲ್ಲಿಟ್ಟೆನೋ ತಿಳಿಯದು, ಓಡಿದೆ. ಅವರು ಬೆಂಚಿನ ಮೇಲೆ ಕೂತು ಒಂದೇ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ದೇವರೇ, ದೇವರೇ. ಪ್ರಾರ್ಥನೆಯೋ ಪರೀಕ್ಷೆಯೋ ನಾನು ಕೇಳಲಿಲ್ಲ.

ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾದೀತು. ಬಾಯಿ ಸದಾ ಒಣಗಿರುತ್ತದೆ, ಪಕ್ಕದಲ್ಲಿ ನೀರಿನ ಬಾಟಲಿ ಇರಲೇಬೇಕು. ಕೆಲವು ಅಕ್ಷರ ಇವತ್ತಿಗೂ ಕೈಕೊಡುತ್ತವೆ. ಪಾದ್ರಿಗಳ ಮಾತಿಗೆ ಕಟ್ಟುಬಿದ್ದು ಒಂದು ಭಾನುವಾರ ವಾಕ್ಯ ಓದಿದರು. ಇಳಿದು ಬಂದಾಗ ಕೊನೆಯ ಬೆಂಚಿನ ಮುದುಕರೊಬ್ಬರು, "ಇವತ್ತು ಅರ್ಧಂಬರ್ಧ ಕೇಳಿಸ್ತಪ್ಪ" ಅಂದರು. "ನನಗೂ ಹಾಗೇ ಕೇಳಿಸ್ತು" ಅಂದರು ಮೇಷ್ಟ್ರು. ಈಗ ಓದುವುದು ಬೇರೆಯವರು.

ಅಕ್ಕ ಒಂದು ವರ್ಷ ಮುಖ ತೋರಿಸಲಿಲ್ಲ. ಕೊನೆಗೆ ಬಂದದ್ದು ತಾವು ಹಾಕಿಕೊಂಡ ಹಲ್ಲಿನ ಸೆಟ್ಟು ಒತ್ತುತ್ತದೆ ಎಂಬ ದೂರು ಹೊತ್ತು. ಸೆಟ್ಟು ಬಿಚ್ಚಿ ತಮ್ಮನ ಕೈಗೆ ಕೊಟ್ಟು, ಬೊಚ್ಚುಬಾಯಿ ಕಾಣಬಾರದೆಂದು ಅಂಗೈ ಅಡ್ಡ ಹಿಡಿದು ಕೂತರು. ಹಾಗಾಗಿ ಅವರ ಜನ್ಮದಲ್ಲೇ ಮೊದಲ ಸಲ ಮಾತಾಡುವ ಸರದಿ ತಮ್ಮನದಾಯಿತು.

"ಎಲ್ಲಿ ಒತ್ತುತ್ತೆ ಅಂತ ಬೆರಳಲ್ಲಿ ತೋರಿಸಕ್ಕಾ," ಎಂದು ಅವರು ಅರದಿಂದ ಉಜ್ಜತೊಡಗಿದರು. "ನೀನು ಹೇಳಿದ್ದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಅವನು ಮನಸ್ಸು ಮಾಡಿದ್ರೆ ಕತ್ತರಿ ಇಲ್ದೆ ವಾಸಿ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಅಂತ ಕೇಳಿದೆ, ಉತ್ತರ ಬರಲಿಲ್ಲ. ದೇವರ ಬಲ ಅಂದ್ರೆ ಕಷ್ಟಾನ ಎತ್ತಿ ಆಚೆ ಎಸೆಯೋದು ಅಂತ ತಿಳ್ಕೊಂಡಿದ್ದೆ. ಆದ್ರೆ ಅವತ್ತು ಟೇಬಲ್ ಮೇಲೆ ತಲೆ ಇಟ್ಟು ಅತ್ತೆನಲ್ಲ, ಮಾರನೇ ದಿನ ಎದ್ದು ಹಲ್ಲುಜ್ಜಿದೆ. ಅದರ ಮಾರನೇ ದಿನಾನೂ ಎದ್ದೆ. ಆ ಶಕ್ತಿ ನನ್ನದಲ್ಲ ಅಕ್ಕಾ. ನನ್ನದು ಎಷ್ಟಿತ್ತು ಅಂತ ನನಗೆ ಚೆನ್ನಾಗಿ ಗೊತ್ತು."

ಅಕ್ಕ ಕೈ ತೆಗೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಸೆಟ್ಟು ಹಾಕಿಕೊಂಡು ಕಚ್ಚಿ ನೋಡಿ, "ಈಗ ಸರಿಯಾಯ್ತು ಕಣೋ" ಅಂದರು. ಸೆಟ್ಟಿಗಷ್ಟೇ ಹೇಳಿದ್ದಲ್ಲ ಎಂದು ಮೇಷ್ಟ್ರು ತಿಳಿದುಕೊಂಡರು. ಆವತ್ತು ಅಕ್ಕ ಕಾಫಿ ಕುಡಿದೇ ಹೋದರು.

ದೊಡ್ಡಾಸ್ಪತ್ರೆಯ ಸರ್ಜನ್ ಈಗ ಅಂಗುಳ ಕಳೆದುಕೊಂಡವರನ್ನು ಇವರ ಹತ್ತಿರ ಕಳಿಸುತ್ತಾರೆ. ಮೇಷ್ಟ್ರು ಅವರ ಎದುರು ತಮ್ಮ ಪ್ಲೇಟನ್ನು ಬಾಯಿಂದ ತೆಗೆದು ಮೂಗಿನಲ್ಲಿ ನಾಲ್ಕು ಮಾತಾಡಿ, ಮತ್ತೆ ಹಾಕಿಕೊಂಡು ಮಾತಾಡಿ ತೋರಿಸುತ್ತಾರೆ. ನಂಬಿ ಎಂದು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಯಾರಾದರೂ ಕೇಳಿದರೆ ಮಾತ್ರ, "ನಾನು ಪ್ರಾರ್ಥನೆ ಮಾಡ್ತೀನಿ. ನಿಮಗೂ ಮಾಡ್ಲಾ?" ಅನ್ನುತ್ತಾರೆ. ಸೆಟ್ಟು ಚುಚ್ಚುತ್ತೆ ಅಂತ ಯಾರಾದರೂ ಬಂದರೆ, ಮಾಡುತ್ತಿದ್ದ ಕೆಲಸ ಬಿಟ್ಟು ಏಳುತ್ತಾರೆ.

ಹೋದ ತಿಂಗಳು, ಆರು ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಯಲ್ಲಿ ಆಗುವ ತಪಾಸಣೆಯಲ್ಲಿ, ಮೇಷ್ಟ್ರ ಎಡ ಒಸಡಿನ ಮೇಲೆ ಒಂದು ಬಿಳಿ ಮಚ್ಚೆ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಎಂಟು ದಿನ. ಈ ಸಲ ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ ಹೆಂಡತಿಗೆ ಫೋನ್ ಮಾಡಿದರು. ಆ ಎಂಟು ದಿನವೂ ನನ್ನ ಗೋಂದಿನ ಡಬ್ಬಿ ನಡುಗುತ್ತಲೇ ಇತ್ತು. "ಭಯ ಆಗಲ್ವಾ ಮೇಷ್ಟ್ರೇ?" ಎಂದು ಕೇಳಿದೆ.

"ಆಗುತ್ತೆ. ಮೊದಲಿನಷ್ಟೇ ಆಗುತ್ತೆ," ಅಂದರು. "ಆದ್ರೆ ಈಗ ಭಯಾನೂ ಜೊತೆಗೆ ಕರ್ಕೊಂಡು ಹೋಗಿ ಅವನ ಮುಂದೆ ಕೂರ್ತೀನಿ. ಮೊದಲು ಅದನ್ನ ಹೊರಗೆ ಬಿಟ್ಟು ಹೋಗ್ಬೇಕು ಅಂದ್ಕೊಂಡಿದ್ದೆ."

ಒಂಬತ್ತನೇ ದಿನ ಆಸ್ಪತ್ರೆಯ ವರದಿ ನೋಡಿದ ಡಾಕ್ಟರಮ್ಮ ಫೋನ್ ಮಾಡಿ, ಏನೂ ಇಲ್ಲ, ಪ್ಲೇಟನ್ನು ಹಲ್ಲಿಗೆ ಸಿಕ್ಕಿಸುವ ಕೊಂಡಿ ಉಜ್ಜಿ ಆದ ಗಾಯ ಅಂದರು. ಹೆಂಡತಿ ಸುದ್ದಿ ಕೇಳಿ ಶಾಲೆಯ ಆಫೀಸಿನಲ್ಲೇ ಅತ್ತರಂತೆ. ಮೇಷ್ಟ್ರು ಪ್ಲೇಟು ತೆಗೆದು, ಕೊಂಡಿಯನ್ನು ಬೆಳಕಿಗೆ ಹಿಡಿದು, "ನನ್ನ ಕೆಲಸದ್ದೇ ತಪ್ಪು ನೋಡಿ" ಎಂದು ಮೂಗಿನಲ್ಲೇ ಹೇಳಿ ಅರ ಕೈಗೆತ್ತಿಕೊಂಡರು.