ಹೆಬ್ಬೆಟ್ಟಿನ ಓಟು

ಬೆರಳಿನ ಮೇಲಿನ ಕರಿ ಗೀಟು ಇನ್ನೂ ಹೋಗಿಲ್ಲ. ಓಟು ಹಾಕಿ ಬಂದು ನಾಲ್ಕು ದಿನವಾಯಿತು. ಸಬಕಾರ ಹಚ್ಚಿ ತಿಕ್ಕಿದೆ, ಬೂದಿ ಹಚ್ಚಿ ತಿಕ್ಕಿದೆ. ಇವತ್ತು ಅದನ್ನೇ ನೋಡುತ್ತಾ ಕೂತು ಒಂದು ರೊಟ್ಟಿ ಸೀಯಿಸಿದೆ. ಸೀದ ರೊಟ್ಟಿ ನಾನೇ ತಿಂದೆ ಬಿಡಿ.

ಅರವತ್ತರ ದಶಕದ ಕೊನೆಗೆ ನಾನು ಬಳ್ಳಾರಿ ಸೀಮೆಯ ಕರೂರಿನ ಆಚೆಗಿನ ಒಂದು ಹಳ್ಳಿಯ ಹೊಸ ಸೊಸೆ. ಆಗ ದೇಶಕ್ಕೆಲ್ಲ ಒಂದೇ ಪಕ್ಷ. ಬೇರೆಯವು ಇರಲಿಲ್ಲ ಅಂತಲ್ಲ. ಆ ಪಕ್ಷಗಳಿಂದ ಒಬ್ಬ ಸೈಕಲ್ ಮೇಲೆ ಬಂದು, ಕೈ ಮುಗಿದು, ನೀರು ಕುಡಿದು ಹೋಗುತ್ತಿದ್ದ. ಗೆಲ್ಲುವವರು ಯಾರಂತ ಅವನಿಗೂ ಗೊತ್ತಿತ್ತು. ಹಂಗಾದರೆ ಎಲೆಕ್ಷನ್ ಯಾಕೆ ಅಂತೀರಾ? ಯಾವ ಊರಿನ ಗೌಡ ಎಷ್ಟು ಓಟು ತಂದ ಅಂತ ಅಳೆಯೋದಕ್ಕೆ. ಹೆಚ್ಚು ತಂದವನಿಗೆ ಬಳ್ಳಾರಿಯ ಪಕ್ಷದ ಕಚೇರಿಯಲ್ಲಿ ಕುರ್ಚಿ, ಕಡಿಮೆ ತಂದವನು ಬಾಗಿಲಲ್ಲಿ ನಿಲ್ಲಬೇಕು. ಜಗಳವೆಲ್ಲ ಆ ಒಂದೇ ಪಕ್ಷದ ಒಳಗೇ. ನಮ್ಮೂರ ಗೌಡರಿಗೂ ಕುರುಗೋಡಿನ ಅವರ ಬೀಗರಿಗೂ ಒಂದೇ ಪಕ್ಷ, ಒಂದೇ ಟೋಪಿ, ಆದರೆ ಮಾತಿಲ್ಲ.

ನಮ್ಮ ಕೇರಿಗೆ ಬಾವಿ ಇರಲಿಲ್ಲ. ಕಾಲುವೆ ನಿಂತರೆ ಹಳ್ಳದ ತನಕ ನಡೆದು, ಉಸುಕು ತೋಡಿ, ಚಿಪ್ಪಿನಲ್ಲಿ ನೀರು ತುಂಬಬೇಕು. ನಾನು ಏಳು ತಿಂಗಳ ಬಸುರಿ, ತಲೆ ಮೇಲೆ ಕೊಡ. ಆ ಸಲ ಬೀಗರನ್ನು ಮೀರಿಸಬೇಕಂತ ಗೌಡರು ಮೊದಲ ಸಲ ನಮ್ಮ ಕೇರಿ ಹೆಂಗಸರಿಗೂ ಬಂಡಿ ಕಟ್ಟಿಸಿದರು. "ಎಲ್ಲಾರೂ ಮ್ಯಾಲಿನ ಗುರುತಿಗೆ ಒತ್ತಿ ಬರ್ರಿ. ಬಾವಿ ನನ್ನ ಮ್ಯಾಲೆ ಬಿಡ್ರಿ."

ಓಟು ಮಕ್ಕಳು ಓದೋ ಸಾಲಿಯೊಳಗೆ, ಹೆಂಗಸರ ಪೆಟ್ಟಿಗೆ ಬೇರೆ ಇತ್ತು. ಸಾಲಿನಲ್ಲಿ ನಾನೇ ಮೊದಲು, ಹುಂಬಿ. ತಟ್ಟಿಯ ಮರೆಯಲ್ಲಿ ಒಂದು ಮಸಿ ಡಬ್ಬಿ, ಪಕ್ಕದಲ್ಲಿ ಕಟ್ಟಿಗೆಯ ಸಿಕ್ಕಾ, ಅದೇ ಮುದ್ರೆ. ಸಿಕ್ಕಾ ಹೊಡೆಯೋದು ಸಾಹೇಬರ ಕೆಲಸ. ಸರಕಾರದ ಸಾಮಾನು ಮುಟ್ಟಿ ಜೇಲಿಗೆ ಹೋಗಲೇನು? ನಾವು ಎಲ್ಲಿ ಹೋದರೂ ಒತ್ತೋದು ಹೆಬ್ಬೆಟ್ಟು. ಮಸಿಯಲ್ಲಿ ಅದ್ದಿದೆ, ಮೇಲಿನ ಗುರುತಿಗೆ ಒತ್ತಿದೆ. ಹೊರಗೆ ಬಂದು ಉಳಿದವರಿಗೂ ಬುದ್ಧಿ ಹೇಳಿದೆ: "ಲೇ, ಆ ಕಟ್ಟಿಗಿ ಮುಟ್ಟಬ್ಯಾಡ್ರಿ. ಹೆಬ್ಬಟ್ಟು ಒತ್ತಿ ಬರ್ರಿ."

ಎಣಿಕೆಯ ದಿನ ಗೌಡರು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಾರ ಕೊಂಡು ಹೋಗಿದ್ದರಂತೆ. ಪಕ್ಷ ಗೆದ್ದಿತು. ಬೀಗರಿಗೆ ಕುರ್ಚಿ ಸಿಕ್ಕಿತು. ನಮ್ಮ ಗೌಡರು ಬಾಡಿದ ಹಾರದ ಸಮೇತ ಸೀದಾ ನಮ್ಮ ಅಂಗಳಕ್ಕೆ ಬಂದರು.

"ಯಾರು ಹೇಳಿಕೊಟ್ಟರು ನಿಮಗ? ಹೆಬ್ಬಟ್ಟು ಒತ್ತಿದ್ರ ಓಟು ಕೆಡತೈತಿ ಅಂತ ಯಾರು ಹೇಳಿದ್ರು? ಒಬ್ಬಾಕಿ ತಪ್ಪಿದ್ರ ತಪ್ಪು. ಕೇರಿಗೆ ಕೇರೀನ ತಪ್ಪತೈತೇನು?"

ಓಟು ಕೆಟ್ಟದ್ದು ನನಗೆ ತಿಳಿದದ್ದೇ ಆಗ. ಬಾಗಿಲ ಹಿಂದಿನಿಂದ ನಮ್ಮತ್ತಿ ಕಾಲಿಗೆ ಬೀಳು ಅಂತ ಸನ್ನೆ ಮಾಡುತ್ತಿದ್ದಳು. ತಿಳಿಯದೆ ಆಯಿತು ಅಂದರೆ ಗೌಡರು ನಕ್ಕು ಹೋಗುತ್ತಾರೆ, ಬಾವಿಯೂ ಹೋಗುತ್ತದೆ. ನನ್ನ ಬಾಯಿ ಯಾವತ್ತೂ ನನ್ನನ್ನು ಕೇಳಿ ಮಾತಾಡಿದ್ದಲ್ಲ.

"ನಾನ ಹೇಳೀನ್ರಿ ಗೌಡ್ರ. ಬಾವಿ ತೋಡಸ್ರಿ, ಮುಂದಿನ ಸಲ ಕಟ್ಟಿಗಿ ಹಿಡೀತೀವಿ."

ಗೌಡರು ನನ್ನನ್ನು ನೋಡಿದರು, ನನ್ನ ಹೊಟ್ಟೆ ನೋಡಿದರು, ಖಾಲಿ ಕೊಡ ನೋಡಿದರು. "ಮಳ್ಳಿ ಅಂತ ತಿಳಿದಿದ್ದೆ ನಿನ್ನ," ಅಂದರು. ನಮ್ಮತ್ತಿ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಪಂಚಾಯ್ತಿ ಎಲೆಕ್ಷನ್ ಹತ್ತಿರ ಬಂದಾಗ ಬಾವಿ ತೋಡಲು ಹಾರೆ ಹಿಡಿದು ಗೌಡರ ಆಳುಗಳು ಬಂದರು. ನೀರು ಬಿದ್ದ ದಿನ ಮೊದಲ ಕೊಡ ಅತ್ತಿಯೇ ಸೇದಿದಳು. ಮುಂದಿನ ಸಲ ಮಾತಿನಂತೆ ಕಟ್ಟಿಗೆ ಹಿಡಿದೆವು.

ತಿಳಿಯದೆ ಒತ್ತಿದ್ದು ಅಂತ ನಾನು ಇಲ್ಲಿತನಕ ಯಾರ ಮುಂದೂ ಅಂದಿಲ್ಲ. ನಿಮ್ಮ ಮುಂದೇ ಮೊದಲು. ಮೊನ್ನೆ ಮಿಷನ್ನಿನ ಮುಂದೆ ನಿಂತು ಸಿಕ್ಕಾ ಎಲ್ಲಿ ಅಂತ ಹುಡುಕಿದೆ. ಅಲ್ಲಿ ಕೂತ ಹುಡುಗಿ ಕೂಗಿದಳು: "ಸಿಕ್ಕಾ ಇಲ್ಲಬೇ ಅಜ್ಜಿ, ಬೆರಳಿಲೆ ಒತ್ತು, ಸಾಕು."

"ಹೆಬ್ಬಟ್ಟು ನಡೀತೈತೇನು?"

"ಯಾವುದಾದ್ರೂ ನಡೀತೈತಿ."

ಹೆಬ್ಬೆಟ್ಟೇ ಒತ್ತಿದೆ. ಪೀಂ ಅಂತ ಕೂಗಿತು; ಓಟು ಬಿತ್ತು ಅಂತ ಅರ್ಥವಂತೆ. ಅವತ್ತೂ ಹಿಂಗೇ ಬಿದ್ದಿದ್ದರೆ ಗೌಡರು ಬಳ್ಳಾರಿಯ ಕುರ್ಚಿಯಲ್ಲಿ ಕೂತಿರುತ್ತಿದ್ದರು, ನಾನು ಹಳ್ಳದ ಉಸುಕಿನಲ್ಲಿ.